ಅಪ್‌ಡೇಟ್: ಲೇಸರ್ ಬಲೆಯಿಂದ ಜಾರುತ್ತಿದ್ದ ಯೀಸ್ಟ್ ಕೋಶಗಳು ಈಗ ನಿಲ್ಲುತ್ತಿವೆ

ಸೂಕ್ಷ್ಮದರ್ಶಕದ ಮೂಲಕ ಒಂದು ಬಿಂದುವಿಗೆ ಕೂಡಿಸಿದ ಲೇಸರಿನಿಂದ ಕೋಶಗಳನ್ನು ಹಿಡಿಯುವ ಬಲೆ ನಮ್ಮದು. ಕವರ್‌ಸ್ಲಿಪ್ (ಮಾದರಿಯನ್ನು ಮುಚ್ಚುವ ತೆಳು ಗಾಜು) ಹತ್ತಿರ ಗಟ್ಟಿಯಾಗಿ ಸಿಕ್ಕಿಕೊಳ್ಳುವ ಯೀಸ್ಟ್ ಕೋಶವು ಫೋಕಸನ್ನು ಆಳಕ್ಕೆ ಒಯ್ದಂತೆ 1064 ನ್ಯಾನೊಮೀಟರ್ ತರಂಗಾಂತರದ ಇನ್‌ಫ್ರಾರೆಡ್ ಲೇಸರಿನ ಹಿಡಿತದಿಂದ ಏಕೆ ಜಾರುತ್ತದೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು, ಸಮಸ್ಯೆ ಬಗೆಹರಿದಿದೆ.

ಫಲ ಕೊಟ್ಟದ್ದು ಆಯಿಲ್ ಇಮ್ಮರ್ಶನ್ ಆಬ್ಜೆಕ್ಟಿವ್ (ಗಾಜಿಗೂ ತನಗೂ ನಡುವೆ ಎಣ್ಣೆ ಹಾಕಿ ಬಳಸುವ ಸೂಕ್ಷ್ಮದರ್ಶಕದ ಮಸೂರ) ತೆಗೆದು, 1.2 ಎನ್‌ಎ (ಮಸೂರ ಎಷ್ಟು ಅಗಲ ಕೋನದ ಬೆಳಕನ್ನು ಕೂಡಿಸುತ್ತದೆ ಎಂಬ ಅಳತೆ) ಇರುವ, ಎಣ್ಣೆಯ ಬದಲು ನೀರು ಬಳಸುವ ವಾಟರ್ ಇಮ್ಮರ್ಶನ್ ಹಾಕಿ ಎಂಬ ಸಲಹೆ. ಎಣ್ಣೆ ಮತ್ತು ಗಾಜಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಸುಮಾರು 1.52, ಕೋಶಗಳಿರುವ ನೀರಿನದು 1.33, ಈ ಅಂತರದಿಂದಾಗಿ ಆಳಕ್ಕೆ ಹೋದಷ್ಟೂ ಅಂಚಿನ ಕಿರಣಗಳು ಮಧ್ಯದ ಕಿರಣಗಳೊಂದಿಗೆ ಒಂದೇ ಬಿಂದುವಿನಲ್ಲಿ ಕೂಡದೆ, ಕೋಶವನ್ನು ಫೋಕಸಿನತ್ತ ಎಳೆಯುವ ಬಲವೇ ಕುಂದುತ್ತದೆ. ಈಗ ಮಾದರಿ ಇಟ್ಟಿರುವ ಸ್ಟೇಜನ್ನು ಸರಿಸಿದಾಗ ಸುತ್ತಲಿನ ಕೋಶಗಳೆಲ್ಲ ಪಕ್ಕಕ್ಕೆ ಹರಿದುಹೋದರೂ ಹಿಡಿದ ಕೋಶ ಮಾತ್ರ ತನ್ನ ಪುಟ್ಟ ಮೊಗ್ಗಿನೊಂದಿಗೆ (ಅದರಿಂದ ಬೆಳೆಯುತ್ತಿರುವ ಮರಿಕೋಶ) ಅಲ್ಲಾಡದೆ ನಿಲ್ಲುವುದನ್ನು ನೋಡುವುದೇ ಸಂತೋಷ.

ಲೇಸರ್ ಶಕ್ತಿ ಹೆಚ್ಚಿಸಿ ಎಂಬ ಸಲಹೆ ನಡೆಯಲಿಲ್ಲ. ಹಿಡಿತ ತುಸು ಬಿಗಿಯಾಯಿತು, ಆದರೆ ಆ ಕೋಶಗಳು ಆಮೇಲೆ ಮೊಗ್ಗು ಬಿಡಲಿಲ್ಲ, ಅಂದರೆ ಅವಕ್ಕೆ ಹಾನಿಯಾದಂತಿತ್ತು.

ಲೇಸರ್ ಬಲೆಯನ್ನು ರೂಪಿಸಿದ ಆರ್ಥರ್ ಆಶ್ಕಿನ್ 1987ರಲ್ಲೇ ಇಂಥ ಹಾನಿ ತಗ್ಗಿಸಲು ಜೀವಕೋಶಗಳಿಗಾಗಿ ಹಸಿರು ಲೇಸರ್ ಬಿಟ್ಟು ಇನ್‌ಫ್ರಾರೆಡ್‌ಗೆ ಬದಲಾಗಿದ್ದು ಗೊತ್ತಿತ್ತು. ಹೊಸದಾಗಿ ತಿಳಿದದ್ದೆಂದರೆ, ಇ. ಕೋಲಿ ಬ್ಯಾಕ್ಟೀರಿಯಾ ಮೇಲಿನ 1999ರ ಅಧ್ಯಯನದಲ್ಲಿ 830 ಮತ್ತು 970 ನ್ಯಾನೊಮೀಟರ್‌ಗಳಲ್ಲಿ ಹಾನಿ ಅತಿ ಕಡಿಮೆಯಿತ್ತು, ಮತ್ತು ಆಮ್ಲಜನಕವನ್ನು ತೆಗೆದಾಗ ಅದು ಇನ್ನಷ್ಟು ಇಳಿಯಿತು. ಮಾದರಿಯಲ್ಲಿ ಆಮ್ಲಜನಕ ತಗ್ಗಿಸಿ ನೋಡುವುದು ನಮ್ಮ ಮುಂದಿನ ಕೆಲಸ.