ಕೆಲಸದ ಲೆಕ್ಕ: ಸೂತ್ರ ಸರಿ, ಉತ್ತರ ಯಾಕೆ ತಪ್ಪು?

ಕೇಳಿದವರು: ಮಗಳು ಫಸ್ಟ್ ಪಿಯುಸಿ. ಬಲ ಮಾಡಿದ ಕೆಲಸ ಕಂಡುಹಿಡಿಯಿರಿ ಅಂದರೆ ಬಲ ಇಂಟು ದೂರ ಇಂಟು ಕಾಸ್ ಥೀಟಾ ಅಂತ ಸರಿಯಾಗಿಯೇ ಬರೆಯುತ್ತಾಳೆ. ಉತ್ತರ ಮಾತ್ರ ತಪ್ಪು. ಇಳಿಜಾರಿನ ಲೆಕ್ಕ ಬಂದರಂತೂ ಅಳುವುದೊಂದು ಬಾಕಿ. ನೀವೆಲ್ಲ ಹೇಗೆ ಕಲಿತಿರಿ?

ಟ್ಯೂಷನ್ ಮಾಡುವವರು: ಮೇಡಂ, ಎಡವುವುದು ಕೋನದಲ್ಲೇ. ಪ್ರಶ್ನೆಯಲ್ಲಿ 30 ಡಿಗ್ರಿ ಕಂಡರೆ ಸಾಕು, ಮಕ್ಕಳು ಸುಮ್ನೆ ಕಾಸ್ 30 ಹಾಕಿಬಿಡುತ್ತಾರೆ. ಆ 30 ಇರುವುದು ನೆಲಕ್ಕೂ ಇಳಿಜಾರಿಗೂ ನಡುವೆ. ನಮಗೆ ಬೇಕಾದ್ದು ಬಲದ ದಿಕ್ಕಿಗೂ ವಸ್ತು ಸರಿದ ದಿಕ್ಕಿಗೂ ನಡುವಿನ ಕೋನ. 10 ಕೆಜಿ ಪೆಟ್ಟಿಗೆಯನ್ನು ಅಂಥ ಹಲಗೆಯ ಮೇಲೆ 2 ಮೀಟರ್ ಮೇಲಕ್ಕೆ ತಳ್ಳಿದಿರಿ ಅನ್ನಿ. ತೂಕ 98 ನ್ಯೂಟನ್, ನೆಟ್ಟಗೆ ಕೆಳಕ್ಕೆ. ಪೆಟ್ಟಿಗೆ ಹೋಗುವುದು ಹಲಗೆಗುಂಟ ಮೇಲಕ್ಕೆ. ಎರಡೂ ಬಾಣಗಳನ್ನು ಒಂದೇ ಚುಕ್ಕಿಯಿಂದ ಎಳೆಯಲು ಹೇಳಿ. ನಡುವೆ 120 ಡಿಗ್ರಿ ಬರುತ್ತದೆ. ಕಾಸ್ 120 ಅಂದರೆ ಮೈನಸ್ ಅರ್ಧ. ಹಾಗಾಗಿ ಗುರುತ್ವ ಮಾಡಿದ ಕೆಲಸ ಮೈನಸ್ 98 ಜೂಲ್. ತಾಳೆ ನೋಡುವುದೂ ಸುಲಭ: ಪೆಟ್ಟಿಗೆ ಏರಿದ ಎತ್ತರ 1 ಮೀಟರ್ ತಾನೇ? 98 ಇಂಟು 1, ಅದೇ 98; ತೂಕ ಕೆಳಕ್ಕೆ, ಪೆಟ್ಟಿಗೆ ಮೇಲಕ್ಕೆ, ಅದಕ್ಕೇ ಮೈನಸ್. ಇನ್ನೊಂದು ಮಾತು, ಯಾವ ಬಲದ ಕೆಲಸ ಕೇಳಿದ್ದಾರೆ ಅನ್ನುವುದಕ್ಕೆ ಮೊದಲು ಗೆರೆ ಎಳೆಯಲಿ. ತಳ್ಳಿದ ಬಲದ್ದು, ಗುರುತ್ವದ್ದು, ಘರ್ಷಣೆಯದ್ದು, ಎಲ್ಲಕ್ಕೂ ಬೇರೆ ಬೇರೆ ಉತ್ತರ.

ಇಂಜಿನಿಯರಿಂಗ್ ಓದುತ್ತಿರುವವರು: ನಾನು ಮಾರ್ಕ್ಸ್ ಕಳೆದುಕೊಂಡದ್ದು ಬಾವಿಯ ಲೆಕ್ಕದಲ್ಲಿ. ನೀರು ತುಂಬಿದ ಬಕೆಟ್ 12 ಕೆಜಿ, ಹಗ್ಗ 3 ಕೆಜಿ, ಆಳ 10 ಮೀಟರ್. ಒಟ್ಟು 15 ಕೆಜಿ ಅಂತ ಹಿಡಿದು 1470 ಜೂಲ್ ಬರೆದೆ. ತಪ್ಪು! ಊರಿನಲ್ಲಿ ನೀರು ಸೇದುವಾಗ ಕೈಗೇ ಗೊತ್ತಾಯಿತು: ಮೇಲೆ ಬಂದಷ್ಟೂ ಹಗ್ಗದ ಭಾರ ಕಮ್ಮಿ. ಬಲ 147 ನ್ಯೂಟನ್‌ನಿಂದ ಒಂದೇ ಸಮನೆ 117.6ಕ್ಕೆ ಇಳಿಯುತ್ತದೆ. ಸರಾಸರಿ 132.3, ಅದಕ್ಕೆ 10 ಮೀಟರ್, ಅಂದರೆ 1323 ಜೂಲ್. ಬಲ ಬದಲಾಗುತ್ತಿದ್ದರೆ ಗ್ರಾಫ್ ಬಿಡಿಸಿ ಗೆರೆಯ ಕೆಳಗಿನ ವಿಸ್ತೀರ್ಣ ತೆಗೆಯುವುದೇ ವಾಸಿ.

ಮತ್ತೊಬ್ಬ ತಾಯಿ: ತಲೆ ಮೇಲೆ ಕೊಡ ಹೊತ್ತು ಸಮತಟ್ಟು ದಾರಿಯಲ್ಲಿ ಒಂದೇ ವೇಗದಲ್ಲಿ ನಡೆದರೆ ಕೊಡದ ಮೇಲೆ ಮಾಡಿದ ಕೆಲಸ ಸೊನ್ನೆ ಅಂತ ಮೇಷ್ಟ್ರು ಹೇಳಿದಾಗ ನನಗೆ ಸಿಟ್ಟೇ ಬಂದಿತ್ತು. ನೀವೇ ಹೊತ್ತು ನೋಡಿ ಅನ್ನೋಣ ಅನಿಸಿತ್ತು! ಎತ್ತಿ ಹಿಡಿದ ಬಲ ಮೇಲಕ್ಕೆ, ನಡಿಗೆ ಅಡ್ಡಕ್ಕೆ, ನಡುವೆ 90 ಡಿಗ್ರಿ, ಕಾಸ್ 90 ಅಂದರೆ ಸೊನ್ನೆ. ಸುಸ್ತಾಗುವುದು ನಮ್ಮ ಸ್ನಾಯುಗಳಿಗೆ, ಅದರಲ್ಲಿ ಕೊಡಕ್ಕೇನೂ ಸಿಗುವುದಿಲ್ಲ. ಇದನ್ನು ಮಗಳಿಗೆ ಬಕೆಟ್ ಹೊರಿಸಿಯೇ ಹೇಳಿ.

ಕೇಳಿದವರು: ಬಾಣ ಬಿಡಿಸಿ ನಾಲ್ಕು ಲೆಕ್ಕ ಮಾಡಿಸಿದೆ. ಮೂರು ಸರಿ. ಘರ್ಷಣೆಗೆ 180 ಡಿಗ್ರಿ ಅಂತ ತಾನೇ ಹಾಕಿದಳು. ಹಗ್ಗದ ಲೆಕ್ಕ ನಾಳೆಗೆ ಅಂತೆ.