ಮೊದಲ್ನೇ ಮಗು, ಕೈಲಿ ದುಡ್ಡಿಲ್ಲ, ಏನೇನ್ ಸಹಾಯ ಸಿಗತ್ತೆ?

ಲಗ್ಗೆರೆ ಹುಡುಗ: ನಂಗೆ 23, ಹೆಂಡ್ತಿಗೆ 21, ಈಗ ಐದ್ ತಿಂಗ್ಳು. ನಾನು ಡೆಲಿವರಿ ಓಡಿಸ್ತೀನಿ, ಅವ್ಳು ಗಾರ್ಮೆಂಟ್ಸಲ್ಲಿ ಎರಡ್ ವರ್ಷದಿಂದ ಇದಾಳೆ, ಇಎಸ್‌ಐ (ಕಾರ್ಮಿಕರ ವಿಮೆ) ಸಂಬಳದಲ್ಲಿ ಕಟ್ ಆಗತ್ತೆ, ಆದ್ರೆ ಸೂಪರ್‌ವೈಸರು ಕೆಲ್ಸ ಬಿಟ್ಬಿಡಮ್ಮ ಅಂತಿದಾರೆ. ರಾತ್ರಿ ನಿದ್ದೆ ಬರ್ತಿಲ್ಲ, ಗೊತ್ತಿರೋರು ಹೇಳಿ ಪ್ಲೀಸ್.

ಪೀಣ್ಯ ಅಕ್ಕ: ತಮ್ಮಾ, ಯಾವ್ ಕಾರಣಕ್ಕೂ ರಾಜೀನಾಮೆಗೆ ಸೈನ್ ಹಾಕ್ಸ್ಬೇಡ! ಇಎಸ್‌ಐನಲ್ಲಿ 26 ವಾರ ಹೆರಿಗೆ ರಜೆಗೆ ಪೂರ್ತಿ ಸಂಬಳದ ಲೆಕ್ಕದಲ್ಲಿ ದುಡ್ಡು ಬರತ್ತೆ, ಅದ್ರಲ್ಲಿ 8 ವಾರ ಹೆರಿಗೆಗೆ ಮುಂಚೇನೇ ತಗೋಬೋದು. ಹಿಂದಿನ ಎರಡು ವಂತಿಗೆ ಅವಧಿಲಿ (ಒಂದೊಂದೂ ಆರ್ ತಿಂಗ್ಳು) ಒಟ್ಟು 70 ದಿನದ್ದು ಕಟ್ಟಿರ್ಬೇಕು ಅಷ್ಟೆ. ನಾನೂ ಹಿಂಗೇ ಹೆದರ್ಕೊಂಡು ಬಿಟ್ಟು ಆಮೇಲೆ ತುಂಬಾ ಅತ್ತಿದೀನಿ, ಅದ್ಕೇ ಹೇಳ್ತಿರೋದು.

ಮಂಜು: ಕೇಂದ್ರ ಸರ್ಕಾರದ ಮಾತೃ ವಂದನಾ ಯೋಜನೇಲೂ 5000 ಸಿಗತ್ತಲ್ವಾ?

ಅಂಗನವಾಡಿ ಟೀಚರ್: ಸಿಗತ್ತೆ ಸರ್, ಮೊದಲ್ನೇ ಮಗುಗೆ 3000 ಆಮೇಲೆ 2000, ಎರಡನೇದು ಹೆಣ್ಣಾದ್ರೆ 6000. ಆದ್ರೆ ಬೇರೆ ಕಾನೂನಿನಡಿ ಇಂಥದೇ ಹೆರಿಗೆ ಸೌಲಭ್ಯ ಪಡೆಯೋರಿಗೆ ಅದಿಲ್ಲ, ಹಂಗಾಗಿ ಇವ್ರಿಗೆ ಇಎಸ್‌ಐನೇ ದೊಡ್ಡದು. ತಾಯಿ ಕಾರ್ಡ್ ಮಾಡಿಸಿದೀರಾ? ಇಲ್ಲಾಂದ್ರೆ ನಾಳೆನೇ ಆಶಾ ಅಕ್ಕನ್ನ ನೋಡಿ. ಗೃಹಲಕ್ಷ್ಮಿ 2000 ರೇಷನ್ ಕಾರ್ಡಲ್ಲಿ ಯಜಮಾನಿ ಅಂತ ಇರೋರಿಗೆ ಮಾತ್ರ, ನಿಮ್ಮನೇಲಿ ಅಮ್ಮನ ಹೆಸ್ರಿದ್ರೆ ಅವ್ರಿಗೇ ಹೋಗತ್ತೆ.

ಲಗ್ಗೆರೆ ಹುಡುಗ: ಸೈನ್ ಹಾಕ್ಸಲ್ಲ ಅಕ್ಕಾ. ಸೋಮವಾರ ಇಬ್ರೂ ಇಎಸ್‌ಐ ಆಫೀಸಿಗೆ ಹೋಗ್ತೀವಿ.