ಆರನೇ ಕ್ಲಾಸಿಗೆ ಕಲ್ಲಿನ ಪಾಠ ಹೇಗೆ ಮಾಡುತ್ತೀರಿ?

ಬಳಪ_ಬೋರ್ಡು:
ನಮಸ್ಕಾರ. ತುಮಕೂರು ಕಡೆಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರು, ಏಳನೇ ಕ್ಲಾಸಿಗೆ ವಿಜ್ಞಾನ ತೆಗೆದುಕೊಳ್ಳುತ್ತೇನೆ. ಅಗ್ನಿಶಿಲೆ, ಪದರ ಶಿಲೆ, ರೂಪಾಂತರ ಶಿಲೆ ಅಂತ ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಆದರೆ "ನೀನು ಕೂತಿರೋ ಚಪ್ಪಡಿ ಯಾವ ಕಲ್ಲು?" ಅಂದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಕಲ್ಲಿನ ಮಾದರಿಗಳ ಪೆಟ್ಟಿಗೆ ತರಿಸಲು ದುಡ್ಡಿಲ್ಲ. ಯೂಟ್ಯೂಬ್ ತೆಗೆದರೆ ಬರೀ ಅಡುಗೆ ಸೋಡ, ವಿನೆಗರ್ ಹಾಕಿ ಜ್ವಾಲಾಮುಖಿ ಉಕ್ಕಿಸುವುದೇ. ಅದು ಬಿಟ್ಟು ಬೇರೆ ಏನಿದೆ? ಆಮೇಲೆ ಈ ಕೋಟಿಗಟ್ಟಲೆ ವರ್ಷದ ಲೆಕ್ಕ ಇದೆಯಲ್ಲ, ಅದನ್ನು ಹನ್ನೊಂದು ಹನ್ನೆರಡು ವರ್ಷದ ಮಕ್ಕಳಿಗೆ ಹೇಗೆ ಹೇಳುವುದು?

ಲಾಲ್‌ಬಾಗ್_ವಾಕರ್:
ಸೋಡ ಜ್ವಾಲಾಮುಖಿ ಬೇಡವೇ ಬೇಡ ಅನ್ನುವವನು ನಾನು. ನೋಡೋಕೆ ಮಜಾ ಇರುತ್ತದೆ, ಸರಿ. ಆದರೆ ಅದರಲ್ಲಿ ಕಲ್ಲು ಕರಗುವುದೂ ಇಲ್ಲ, ಆರಿ ಗಟ್ಟಿಯಾಗುವುದೂ ಇಲ್ಲ, ಮತ್ತೆ ಅದು ಕಲ್ಲಿನ ಪಾಠ ಹೇಗಾಗುತ್ತದೆ? ಅಂಗಡಿಯಿಂದ ಪಟಿಕ ತನ್ನಿ. ಬಿಸಿನೀರಿಗೆ ಇನ್ನು ಕರಗುವುದಿಲ್ಲ ಅನ್ನುವಷ್ಟು ಹಾಕಿ. ಅರ್ಧ ನೀರನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು ಬೇಗ ಆರಿಸಿ, ಉಳಿದರ್ಧಕ್ಕೆ ಬಟ್ಟೆ ಸುತ್ತಿ ಅಲುಗಾಡಿಸದೆ ಮರುದಿನದವರೆಗೆ ಬಿಡಿ. ಬೇಗ ಆರಿದ್ದರಲ್ಲಿ ಪುಡಿ ಪುಡಿ ಹರಳು, ನಿಧಾನಕ್ಕೆ ಆರಿದ್ದರಲ್ಲಿ ದೊಡ್ಡ ಹರಳು. ಗ್ರಾನೈಟ್ ಅಗ್ನಿಶಿಲೆ, ಅಂದರೆ ಕರಗಿದ ಕಲ್ಲು ನೆಲದಾಳದಲ್ಲಿ ನಿಧಾನಕ್ಕೆ ಆರಿದ್ದು, ಹಾಗಾಗಿ ಅದರ ಹರಳು ಬರಿಗಣ್ಣಿಗೇ ಕಾಣುತ್ತವೆ. ಗೋಳಗುಮ್ಮಟದ ಕಪ್ಪು ಕಲ್ಲು ಬಸಾಲ್ಟ್, ಲಾವಾ ಹೊರಗೆ ಹರಿದು ಬೇಗ ಆರಿದ್ದು, ಅದರಲ್ಲಿ ಹರಳು ಕಾಣಬೇಕಾದರೆ ಭೂತಗನ್ನಡಿ ಬೇಕು. ನಿಮ್ಮ ತುಮಕೂರು ಕಡೆ ಚಪ್ಪಡಿ ಜಾಸ್ತಿ ಗ್ರಾನೈಟ್, ಇಲ್ಲವೇ ನೈಸ್. ಕಪ್ಪು ಬಿಳಿ ಪಟ್ಟಿ ಅಂಕುಡೊಂಕಾಗಿ ಓಡಿದ್ದರೆ ನೈಸ್, ಅಂದರೆ ಶಾಖ, ಒತ್ತಡಕ್ಕೆ ಸಿಕ್ಕಿ ಬದಲಾದ ರೂಪಾಂತರ ಶಿಲೆ. ಲಾಲ್‌ಬಾಗ್ ಬಂಡೆಯೂ ಅದೇ. ಒಂದು ಬಕೆಟ್ ನೀರು ಸುರಿದು ಜಗಲಿ ತೊಳೆಸಿ ನೋಡಿ, ಒದ್ದೆ ಕಲ್ಲಿನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ.

ಭೀಮಾತೀರ:
ನಮ್ಮ ಕಲಬುರಗಿ ಕಡೆ ಪೆಟ್ಟಿಗೆ ಯಾಕೆ ಬೇಕ್ರಿ, ಶಾಲೆ ನೆಲವೇ ಶಹಾಬಾದ್ ಫರ್ಸಿ. ನಿಮ್ಮಲ್ಲೂ ಟೈಲ್ಸ್ ಅಂಗಡಿ ಹಿಂದೆ ಆ ಫರ್ಸಿಯ ಒಡೆದ ತುಂಡು ಬಿದ್ದಿರುತ್ತವೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ಅದು ಸುಣ್ಣಕಲ್ಲು, ಪದರ ಶಿಲೆ. ಮೊಳೆಯಿಂದ ಕೆರೆದು ಬಿದ್ದ ಪುಡಿಗೆ ನಿಂಬೆರಸ ಹಾಕಿ, ಸಣ್ಣಗೆ ಗುಳ್ಳೆ ಏಳುತ್ತವೆ. ಕೆರೆಯದೆ ಹಾಕಿದರೆ ಎಷ್ಟೋ ಸಲ ಏನೂ ಕಾಣುವುದಿಲ್ಲ, ಮಕ್ಕಳು ನಗುತ್ತಾರೆ ಅಷ್ಟೇ. ಪಕ್ಕದಲ್ಲಿ ಮೊಟ್ಟೆ ಚಿಪ್ಪಿಗೂ ಹಾಕಿ ತೋರಿಸಿ, ಎರಡರಲ್ಲೂ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಗ್ರಾನೈಟಿಗೆ ಹಾಕಿದರೆ ಗುಳ್ಳೆ ಇಲ್ಲ. ಚಾಕ್‌ಪೀಸ್ ಮಾತ್ರ ಬಳಸಬೇಡಿ. ಚಾಕ್ ಅಂದರೆ ಸುಣ್ಣಕಲ್ಲು ಅಂತ ಪುಸ್ತಕ ಹೇಳಬಹುದು, ಆದರೆ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಜಿಪ್ಸಂ, ಗುಳ್ಳೆ ಬರುವುದಿಲ್ಲ. ಇನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದರೆ ಜೋರಾಗಿ ನೊರೆ ಬರುತ್ತದೆ ನಿಜ, ಆದರೆ ದಯವಿಟ್ಟು ಮಕ್ಕಳ ಹತ್ತಿರ ತರಬೇಡಿ.

ಮುರಕಲ್ಲು:
ಒಂದು ಎಚ್ಚರಿಕೆ. ಎಲ್ಲ ಕಲ್ಲನ್ನೂ ಮೂರು ಡಬ್ಬಿಗೆ ತುಂಬೋಕೆ ಹೋಗಬೇಡಿ. ನಮ್ಮ ಉಡುಪಿ, ಮಂಗಳೂರು ಕಡೆ ಮನೆ ಗೋಡೆಯೆಲ್ಲ ಕೆಂಪು ಮುರಕಲ್ಲು. ಮಗು "ಇದು ಯಾವ ಶಿಲೆ ಟೀಚರ್?" ಅಂದರೆ ಮೂರರಲ್ಲಿ ಯಾವುದೂ ಸರಿಹೊಂದುವುದಿಲ್ಲ. ಲಕ್ಷಗಟ್ಟಲೆ ವರ್ಷದ ಮಳೆ, ಸೆಕೆಗೆ ಹಳೆಯ ಬಂಡೆ ಕೊಳೆತ ಹಾಗಾಗಿ, ಕರಗುವುದೆಲ್ಲ ನೀರಿನ ಜೊತೆ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿದುಕೊಂಡ ಕಲ್ಲು ಅದು. ನೆಲದಿಂದ ಕಡಿಯುವಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಅದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟಿದ್ದು ಫ್ರಾನ್ಸಿಸ್ ಬುಕಾನನ್, ಕೇರಳದ ಅಂಗಾಡಿಪುರಂ ಕಡೆ ನೋಡಿ. ಹೊಂದದ ಕಲ್ಲು ಒಂದು ಕೈಗೆ ಸಿಕ್ಕರೆ ಪಾಠ ಅಲ್ಲೇ ಶುರುವಾಗುತ್ತದೆ, ನನ್ನ ಕೇಳಿದರೆ.

ಬಳಪ_ಬೋರ್ಡು:
ಪಟಿಕ, ನಿಂಬೆರಸ ಎರಡೂ ಈ ವಾರವೇ ಮಾಡುತ್ತೇನೆ. ವರ್ಷಗಳ ಲೆಕ್ಕಕ್ಕೆ ಯಾರೂ ಉತ್ತರ ಕೊಡಲಿಲ್ಲ. ಇನ್ನೊಂದು ವಿಷಯ, ಡಿಸೆಂಬರ್‌ನಲ್ಲಿ ಟೂರ್ ಇದೆ, ಹಂಪಿ, ಬಾದಾಮಿ, ಬರುವಾಗ ಹಳೇಬೀಡು. ಅಲ್ಲಿ ಏನಾದರೂ ತೋರಿಸಬಹುದಾ?

ಲಾಲ್‌ಬಾಗ್_ವಾಕರ್:
ಅಯ್ಯೋ, ನಿಮ್ಮ ಟೂರೇ ಪಾಠ ಅಲ್ವಾ! ಹಂಪಿಯ ಗುಂಡುಗಳು ಗ್ರಾನೈಟ್. ಯಾರೂ ಉರುಳಿಸಿ ತಂದಿಟ್ಟಿದ್ದಲ್ಲ, ನಿಂತಲ್ಲೇ ಬಿರುಕು ಬಿಟ್ಟು, ಮೂಲೆ ಸವೆದು ದುಂಡಗಾದವು. ಬಾದಾಮಿಯದು ಮರಳುಗಲ್ಲು, ಗುಹೆಯ ಗೋಡೆಯಲ್ಲಿ ಪದರ ಪದರ ಕಾಣುತ್ತದೆ. ಕೆಲವು ಪದರ ಓರೆಯಾಗಿರುತ್ತವೆ, ಹರಿಯುವ ನೀರು ಮರಳು ತಂದು ಹಾಕಿದ ಗುರುತು. ಹಳೇಬೀಡಿನದು ಬಳಪದ ಕಲ್ಲು, ರೂಪಾಂತರ ಶಿಲೆ. ಮೆತ್ತಗಿರುವುದಕ್ಕೇ ಅಷ್ಟು ಸಣ್ಣ ಕೆತ್ತನೆ ಸಾಧ್ಯವಾಯಿತು. ಗೋಡೆ ಕೆರೆಯಲು ಬಿಡಬೇಡಿ ಮತ್ತೆ, ಒಂದು ಬಳಪ ಜೇಬಲ್ಲಿಟ್ಟುಕೊಂಡು ಹೋಗಿ ಅದನ್ನು ಕೆರೆಸಿ.

ವರ್ಷಗಳಿಗೆ ದಾರ ತೆಗೆದುಕೊಳ್ಳಿ. ಒಂದು ಸೆಂಟಿಮೀಟರ್ ಅಂದರೆ ಒಂದು ಕೋಟಿ ವರ್ಷ. ಭೂಮಿಗೆ ಸುಮಾರು 460 ಕೋಟಿ ವರ್ಷ, ಅಂದರೆ 4.6 ಮೀಟರ್ ದಾರ, ಕ್ಲಾಸ್ ರೂಮಿನ ಗೋಡೆಗೆ ಸರಿಹೋಗುತ್ತದೆ. ಈಚಿನ ತುದಿ ಇವತ್ತು. ಲಾಲ್‌ಬಾಗ್ ಬಂಡೆ ಸುಮಾರು ಮೂರು ಮೀಟರ್ ಹಿಂದೆ. ಡೈನೊಸಾರ್ ಹೋಗಿದ್ದು 6.6 ಸೆಂಟಿಮೀಟರ್ ಹಿಂದೆ, ಗೋಳಗುಮ್ಮಟದ ಕಲ್ಲಾದ ಆ ಲಾವಾ ಹರಿದದ್ದೂ ಹೆಚ್ಚುಕಡಿಮೆ ಆಗಲೇ. ನಮ್ಮಂಥ ಮನುಷ್ಯರು ಬಂದು ಸುಮಾರು ಮೂರು ಲಕ್ಷ ವರ್ಷ, ಅಂದರೆ ಒಂದು ಮಿಲಿಮೀಟರೂ ಇಲ್ಲ. ಮೊದಲೇ ಹೇಳಬೇಡಿ, ಡೈನೊಸಾರ್ ಚೀಟಿ ಎಲ್ಲಿ ಅಂಟಿಸುತ್ತೀರಿ ಅಂತ ಮಕ್ಕಳನ್ನೇ ಕೇಳಿ. ಬಹಳ ಮಕ್ಕಳು ದಾರದ ಆ ತುದಿಗೆ ಓಡುತ್ತಾರೆ.

ಭೀಮಾತೀರ:
ದಾರ ಹಿಗ್ಗುತ್ತದ್ರಿ. ಟೈಲರ್ ಹತ್ತಿರ ಹಳೆ ಟೇಪ್ ಇದ್ದರೆ ಮೂರು ತಂದು ಒಂದಕ್ಕೊಂದು ಜೋಡಿಸಿ, 1.5 ಮೀಟರಿನದು ಮೂರು ಅಂದರೆ 4.5. ಕಡಿಮೆ ಬಿದ್ದ 10 ಸೆಂಟಿಮೀಟರಿಗೆ ಪೇಪರ್ ಅಂಟಿಸಿದರಾಯಿತು.